ಸಹನಾಳ ಬೇರೆ ತಾಟು

ಮಗಳನ್ನು ನೋಡಲು ಸಾಂಬ್ರಾಣಿ ಹಳ್ಳಿಯಿಂದ ದಾಂಡೇಲಿಗೆ ಬಂದ ಸಕ್ಕುಬಾಯಿಗೆ ಹೊಸ್ತಿಲಲ್ಲೇ ಮೈ ಉರಿಯಿತು. "ಸಾಬೂನು ಹಚ್ಚಿ ಕೈ ತೊಳ್ಕೊಂಡು ಒಳಗ ಬರ್ರಿ, ಅತ್ತಿ" ಎಂದಿದ್ದ ಅಳಿಯ ಲೋಕೇಶ. ಒಳಗೆ ನೋಡಿದರೆ ಮಗಳು ಸಹನಾಗೆ ಬೇರೆ ತಾಟು, ಬೇರೆ ಲೋಟ. ಊಟ ಕೊಡುವಾಗ ಅಳಿಯನ ಬಾಯಿಗೆ ಮಾಸ್ಕು ಬೇರೆ!

ಸಹನಾಗೆ ಸ್ತನದ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಎರಡನೇ ಸಲ ಕೀಮೋ ಮಾಡಿಸಿಕೊಂಡು ಬಂದು ವಾರವಾಗಿತ್ತು. ಕೂದಲು ಉದುರಿದ ತಲೆ ಕಂಡು ತಾಯಿಯ ಕರುಳು ಚುರ್ ಎಂದಿತು.

"ಅಂಟುಜಾಡ್ಯ ಬಂದೋರಂಗ ದೂರ ಇಟ್ಟಾನ ನಿನ್ನ. ಆರಾಮ ಇದ್ದಾಗ ಬೇಕಾಗಿದ್ದಿ, ಈಗ ಬ್ಯಾಡಾದಿ!"

"ಹಂಗಲ್ಲವ್ವಾ, ಹಿಂಗ ಇರಬೇಕಂತ ನರ್ಸ್ ಹೇಳ್ಯಾರ."

ಅನುಮಾನ ಹೊಕ್ಕ ತಲೆಗೆ ಯಾರ ಮಾತು ಹತ್ತೀತು? ಅಳಿಯನೇ ಹೆದರಿಸಿ ಹೀಗೆ ಹೇಳಿಸುತ್ತಿದ್ದಾನೆ ಎಂದುಕೊಂಡಳು ಸಕ್ಕುಬಾಯಿ.

ತಮ್ಮೂರಿನ ಕಾಶೆವ್ವ ಮಾತಾಡಿಸಲು ಬಂದಾಗ ಲೋಕೇಶ ಮಿಲ್ಲಿಗೆ ಹೋಗಿದ್ದ. ನೋಡಲು ಬಂದವರನ್ನು ಬಾಗಿಲಿಂದಲೇ ಕಳಿಸುವುದುಂಟೆ? ಸಕ್ಕುಬಾಯಿ ಹಟ ಹಿಡಿದು ಅವಳನ್ನು ಮಗಳ ಹಾಸಿಗೆಯ ಮೇಲೇ ಕೂರಿಸಿದಳು. ಕಾಶೆವ್ವ ಕೆಮ್ಮುತ್ತಲೇ ಸಹನಾಳ ಗಲ್ಲ ಸವರಿ, ತಂದ ಉಂಡಿ ತಿನ್ನಿಸಿ ಹೋದಳು.

ಎರಡು ದಿನಕ್ಕೆ ಸಹನಾ ಗಡಗಡ ನಡುಗತೊಡಗಿದಳು. ಮೈ ಕೆಂಡವಾಗಿತ್ತು.

"ಯವ್ವಾ, ಅವರಿಗೆ ಫೋನ್ ಮಾಡ."

"ಸುಮ್ನಿರು. ಇದನ್ನ ನೆವ ಮಾಡಿ ತವರಿಗೆ ಅಟ್ಟತಾನ. ಗುಳಗಿ ನುಂಗಿ ಮಲಕ್ಕೊ."

ಅಷ್ಟರಲ್ಲಿ ಪಕ್ಕದ ಮನೆಯ ನಿಲೋಫರ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಥರ್ಮಾಮೀಟರ್ ನೋಡಿ ಅವಳ ಮುಖ ಬಿಳಿಚಿತು.

"ಮೌಶಿ, ಗುಳಗಿ ಕೊಟ್ರೇನು?"

"ಜ್ವರಕ್ಕ ಮತ್ತೇನ್ ಕೊಡಬೇಕು? ನೀನೂ ಅವನ ಕಡೀನ ಏನು?"

"ಕೀಮೋ ಔಷಧ ಕ್ಯಾನ್ಸರ್ ಜೋಡಿ ರಕ್ತದಾಗಿನ ಬಿಳಿ ಕಣಾನೂ ಕೊಲ್ಲತೈತ್ರಿ. ರೋಗದ ಜೋಡಿ ಬಡದಾಡೋವು ಅವ. ಅವು ಕಡಿಮಿ ಆದಾಗ ನಮ್ಮ ಕೆಮ್ಮು ನೆಗಡಿನೂ ಈಕಿ ಜೀವಕ್ಕ ಕುತ್ತು. ಗುಳಗಿ ಬರೇ ಜ್ವರ ಮುಚ್ಚತೈತಿ, ಸೋಂಕು ಒಳಗ ಹಬ್ಬತೈತಿ. ಏಳ್ರಿ, ಈಗಿಂದೀಗ ದವಾಖಾನಿಗೆ ಹೋಗೂಣು."

"ಮತ್ತ... ಆ ಬ್ಯಾರೆ ತಾಟು?"

"ಈಕಿ ರೋಗ ಯಾರಿಗೂ ಹತ್ತಂಗಿಲ್ಲ, ಮೌಶಿ. ನಮ್ಮ ರೋಗ ಈಕಿಗೆ ಹತ್ತಬಾರ್ದಂತ ಆ ತಾಟು."

ಸಕ್ಕುಬಾಯಿ ಹಣೆ ಬಡಿದುಕೊಂಡಳು. "ಅಯ್ಯ ಶಿವನ, ನನ್ನ ಕೂಸಿಗೆ ನಾನ ಕೈಯಾರೆ ಹಿಂಗ ಮಾಡಿದ್ನಲ್ಲೊ!"

ನಿಲೋಫರ ಫೋನ್ ಮಾಡಿದ್ದೇ ಲೋಕೇಶ ಓಡಿಬಂದ. ಯಾರನ್ನೂ ಬೈಯದೆ ಹೆಂಡತಿಯನ್ನು ಎತ್ತಿ ಆಟೊದಲ್ಲಿ ಕೂರಿಸಿದ. ಕೀಮೋ ನಡೆದಿದೆ ಎಂದು ನಿಲೋಫರ ಹೇಳಿದ ಕೂಡಲೇ ಆಸ್ಪತ್ರೆಯವರು ಸಾಲಿನಲ್ಲಿ ಕಾಯಿಸದೆ ಒಳಗೆ ಕರೆದು, ರಕ್ತ ಪರೀಕ್ಷೆಗೆ ತೆಗೆದುಕೊಂಡು ನರಕ್ಕೆ ಔಷಧ ಏರಿಸಿದರು. ಸಕ್ಕುಬಾಯಿ ಹೊರಗೆ ಸೆರಗು ಬಾಯಿಗಿಟ್ಟುಕೊಂಡು ಕುಳಿತಳು. ಮಗಳು ಕಣ್ಣು ಬಿಟ್ಟು "ಅವ್ವಾ" ಎನ್ನುವ ತನಕ ಅವಳ ಜೀವದಲ್ಲಿ ಜೀವವಿರಲಿಲ್ಲ.

ಸಹನಾ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಸಕ್ಕುಬಾಯಿಗೇ ಸೀನು ಶುರುವಾಯಿತು. ತಾನಾಗಿಯೇ ಮಾಸ್ಕು ಕಟ್ಟಿಕೊಂಡು ಅಂಗಳಕ್ಕೆ ಸರಿದು ನಿಂತಳು.

"ಅಳಿಯಂದ್ರ, ಮಗಳ ತಾಟು ನೀವ ಒಯ್ರಿ. ನನ್ನ ಒಳಗ ಬಿಡಬ್ಯಾಡ್ರಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಓಣಿಯಲ್ಲೂ ಕೀಮೋ ಮಾಡಿಸಿಕೊಳ್ಳುವವರು ಇರಬಹುದು. ಕೈ ತೊಳೆದುಕೊಂಡು ಹತ್ತಿರ ಹೋಗಿ. ಕೆಮ್ಮು, ನೆಗಡಿ ಇದ್ದರೆ ಫೋನಿನಲ್ಲೇ ಮಾತಾಡಿಸಿ. ಅವರಿಗೆ ಜ್ವರ ನೂರು ಡಿಗ್ರಿ ದಾಟಿದರೆ, ಚಳಿ ನಡುಕ ಬಂದರೆ, ಗುಳಿಗೆ ನುಂಗಿಸಿ ಕಾಯುತ್ತ ಕೂರಬೇಡಿ. ಹಗಲಿರಲಿ, ರಾತ್ರಿಯಿರಲಿ, ಆಸ್ಪತ್ರೆಗೆ ಕರೆದೊಯ್ದು "ಕೀಮೋ ನಡೆದಿದೆ" ಎಂಬ ಮಾತನ್ನೇ ಮೊದಲು ಹೇಳಿ. ಬೇರೆ ತಾಟು ಕಂಡರೆ ಸಿಟ್ಟಾಗಬೇಡಿ. ಆ ಮನೆಯಲ್ಲಿ ಒಂದು ಜೀವವನ್ನು ಕಾಯುತ್ತಿದ್ದಾರೆ.