ಜೂನ್ ಒಂದರಂದು ಹುಟ್ಟಿದ ಮೂವರು ಗದ್ದೆಪ್ಪರು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಸನ್ಮಾನದ ಶಾಲಿನಿಂದ ಶುರು ಮಾಡಿದರೆ ನೀವು ಸರ್ಕಾರಿ ಪ್ರಕಟಣೆ ಅಂದುಕೊಳ್ಳುತ್ತೀರಿ. ಊರುಗೋಲಿನಿಂದ ಶುರು ಮಾಡಿದರೆ, ಕಣ್ಣೀರು ಹಾಕಿಸಲು ಬಂದ ಎಂದು ಪುಟ ತಿರುವುತ್ತೀರಿ. ಆದ್ದರಿಂದ ಹುಟ್ಟಿದ ತಾರೀಖಿನಿಂದ ಶುರು ಮಾಡುತ್ತೇನೆ. (ತಾರೀಖು ಸುಳ್ಳು. ಈಗಲೇ ಹೇಳಿಬಿಡುವುದು ವಾಸಿ.)

೨
ಸಂಘಮಿತ್ರಾ ಹುಟ್ಟಿದ್ದು ಜೂನ್ ಒಂದರಂದು. ಮಾನ್ವಿ ತಾಲ್ಲೂಕಿನ ಅವಳ ಹಳ್ಳಿಯಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ ಒಂದರಂದೇ. ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಮಗುವಿಗೆ ಆರು ವರ್ಷವಾಯಿತೆಂದು, ಶಾಲೆ ತೆರೆಯುವ ಜೂನ್ ಒಂದೇ ಹುಟ್ಟಿದ ದಿನವೆಂದು ಪಂಪಾಪತಿ ಮಾಸ್ತರು ಬರೆದುಕೊಳ್ಳುತ್ತಿದ್ದರು. ದಿನ, ತಿಂಗಳು ಕೇಳಿದರೆ ತಾಯಂದಿರು "ಹತ್ತಿ ಬಿಡಿಸೋ ಮುಂದ" ಎನ್ನುತ್ತಿದ್ದರು. ಹತ್ತಿಗೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಅವಳು ದೇವದುರ್ಗದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದಾಗ ಅರ್ಜಿಗಳು ಗೋಣಿಚೀಲದಲ್ಲಿದ್ದವು. ಅವುಗಳನ್ನು ಕಂಪ್ಯೂಟರಿಗೆ ಏರಿಸಿದಳು. ಮಾನ್ವಿಯಲ್ಲಿ ಹದಿನೈದು ನಿಮಿಷದಲ್ಲಿ ಪ್ರಮಾಣಪತ್ರ ಕೊಡುವ ಕೌಂಟರ್ ಕಟ್ಟಿದಳು. (ಗುಮಾಸ್ತರು ಸ್ಕ್ರೀನನ್ನು ಪ್ರಿಂಟ್ ತೆಗೆದು, ಸೀಲು ಹೊಡೆದು, ಮತ್ತೆ ಸ್ಕ್ಯಾನ್ ಮಾಡಿ ಏರಿಸುತ್ತಿದ್ದರು. ಅದು ಅವಳ ತಪ್ಪಲ್ಲ.) ಈಗ ರಾಯಚೂರಿನಲ್ಲಿ ಜಿಲ್ಲೆಯ ಡಿಜಿಟಲ್ ಸೇವೆಗಳ ಮುಖ್ಯಸ್ಥೆ. ಅವಳ ಸಾಫ್ಟ್‌ವೇರಿನ ಹೆಸರು 'ಏಕ'. ಜಿಲ್ಲೆಯ ಫಲಾನುಭವಿಗಳ ಪಟ್ಟಿಯಲ್ಲಿ ಒಂದೇ ಹೆಸರು, ಮನೆತನ, ಊರು, ಹುಟ್ಟಿದ ದಿನ ಕಂಡರೆ ಒಬ್ಬರನ್ನು ಉಳಿಸಿ ಮಿಕ್ಕವರನ್ನು ನಕಲಿ ಎಂದು ಅಳಿಸುತ್ತದೆ. ಅಳಿಸಿದ್ದು ೪,೧೧೨. ಆ ಸಂಖ್ಯೆಗೇ ಸೋಮವಾರ ಪ್ರಶಸ್ತಿ.

೩
(ಈ ಭಾಗವನ್ನು ಹರಿದು ಹಾಕಿದೆ. ಅದರಲ್ಲಿ ಅವಳನ್ನು ಖಳನಾಯಕಿ ಮಾಡಿದ್ದೆ. "ಹದಿನೆಂಟು ವರ್ಷ ಲಂಚ ಇಲ್ಲದ ಕೌಂಟರ್ ಕಟ್ಟೀನಿ. ಅದನ್ಯಾಕ ಬರೀಲಿಲ್ಲ?" ಎಂದು ಅವಳೇ ಪುಟದೊಳಗಿಂದ ಕೇಳಿದಳು.)

೪
ಶನಿವಾರ ಅವಳ ಚೇಂಬರಿಗೆ ಊರುಗೋಲು ಟಕಟಕ ಅನ್ನಿಸುತ್ತ ಒಬ್ಬ ಬಂದ.

"ಮೇಡಂ ಅನ್ಲ್ಯೋ, ಸಂಘವ್ವ ಅನ್ಲ್ಯೋ?"

"ಯಾರು? ಗದ್ದೆಪ್ಪ? ಯಾವ ಗದ್ದೆಪ್ಪ?"

ಕೇಳಬೇಕಾದ ಪ್ರಶ್ನೆಯೇ. ಅವರ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು ತಮ್ಮ ಹಿರಿಮಗನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು. ಕರಿ ಗದ್ದೆಪ್ಪ, ಕೆಂಪ ಗದ್ದೆಪ್ಪ, ಕುಂಟ ಗದ್ದೆಪ್ಪ. ಮೂವರೂ ಅವಳ ಜೊತೆ ಒಂದೇ ದಿನ ಕಿವಿ ಮುಟ್ಟಿದವರು.

"ನಿನ್ನ ಬಗಲಿಗೆ ಕುಂತು ಸ್ಲೇಟ್ ಒಡದಾಂವ. ನನ್ನ ಬಸ್ ಪಾಸ್ ಆಗವಲ್ದು. 'ನೀ ಆಗ್ಲೇ ಅದೀ' ಅಂತದ ನಿನ್ನ ಮಿಷನ್ನು. ದಿನಾ ಹೊಲಿಗಿ ಅಂಗಡಿಗೆ ಇಲ್ಲೀತನಕ ಬರಬೇಕು. ಪಾಸಿಲ್ಲಂದ್ರ ಕೆಲಸ ಬಿಡೂದಾ."

"ಏಕ ತಪ್ಪು ಮಾಡಂಗಿಲ್ಲ, ಗದ್ದೆಪ್ಪ."

"ಮಿಷನ್ನಿಗೆ ಗೊತ್ತಿರದಿದ್ರ ಬಿಡು. ನಿನಗ ಗೊತ್ತಿಲ್ಲೇನು, ನಾವು ಮೂರು ಮಂದಿ ಅಂತ?"

ಗೊತ್ತಿತ್ತು. ಅದೇ ತೊಂದರೆ. ಏಕದಲ್ಲಿ ಒಬ್ಬನನ್ನು ಮಾತ್ರ ಮರಳಿ ಸೇರಿಸಲು ದಾರಿಯಿಲ್ಲ. ಅಳಿಸಿದವರ ಇಡೀ ಪಟ್ಟಿಯನ್ನೇ ರದ್ದು ಮಾಡಬೇಕು. ಆಗ ೪,೧೧೨ ಸೊನ್ನೆಯಾಗುತ್ತದೆ, ಅದರ ಹಿಂದೆಯೇ ಹದಿನೆಂಟು ವರ್ಷದ ಹೆಸರೂ.

("ಒಂದು ಹಿತ್ತಲ ಬಾಗಿಲು ಇಡಬಹುದಿತ್ತಲ್ಲ?" ಎಂದೆ. "ಆ ಬಾಗಿಲ್ದಾಗ ಗದ್ದೆಪ್ಪಗಿಂತ ಮೊದ್ಲು ದಲಾಲಿ ಬರ್ತಾನ" ಎಂದಳು.)

೫
ಮುಕ್ತಾಯ, ಮೊದಲನೆಯದು: ಭಾನುವಾರ ಪಶ್ಚಾತ್ತಾಪಪಟ್ಟು ಪಟ್ಟಿ ರದ್ದು ಮಾಡುತ್ತಾಳೆ. "ಭಾನುವಾರ ಸರ್ವರ್ ಬಂದ್ ಇರ್ತದರೀ" ಎಂದು ತಳ್ಳಿಹಾಕಿದಳು.

ಮುಕ್ತಾಯ, ಇನ್ನೊಂದು: ಪ್ರಶಸ್ತಿ ಪಡೆದು ಆಮೇಲೆ ಸರಿಪಡಿಸುತ್ತಾಳೆ. ಇದನ್ನು ಕೇಳಿ ಅವಳು ಶಾಲಿನ ಬಣ್ಣ ವಿಚಾರಿಸಿದಳು. ನನಗೆ ಭಯವಾಗಿ ನಾನೇ ಅಳಿಸಿದೆ.

೬
ಸೋಮವಾರ. ರಾಯಚೂರಿನ ಸಭಾಂಗಣ. ವೇದಿಕೆಯಲ್ಲಿ ಪ್ರಾತ್ಯಕ್ಷಿಕೆಗೆಂದು ಅವಳ ಲ್ಯಾಪ್‌ಟಾಪ್, ಏಕ ತೆರೆದಿದೆ. ಪಕ್ಕದಲ್ಲಿ 'ಅಸಲಿ ಫಲಾನುಭವಿ'ಗೆ ಒಂದು ಕುರ್ಚಿ. ಆ ಫಲಾನುಭವಿಯನ್ನು ಆರಿಸಿದ್ದೂ ಏಕವೇ; ಗದ್ದೆಪ್ಪ ಎಂಬ ಹೆಸರಿಗೆ ಹಳ್ಳಿಗೆ ಒಂದೇ ಕರೆಯೋಲೆ ಹೋಗಿತ್ತು.

"ಶ್ರೀ ಗದ್ದೆಪ್ಪನವರು ವೇದಿಕೆಗೆ ಬರಬೇಕು!" ಎಂದಳು ನಿರೂಪಕಿ.

ಮೂವರು ಎದ್ದರು.

"ಒಬ್ಬರೇ ಬರ್ರಿ, ಒಬ್ಬರೇ!"

"ಒಬ್ಬಾಂವ ಅಂದ್ರ ಯಾಂವರೀ?" ಎಂದ ಕರಿ ಗದ್ದೆಪ್ಪ. ಸಭೆ ನಕ್ಕಿತು. ಸಂಘಮಿತ್ರಾ ನಗಲಿಲ್ಲ. ನಾನು ಬರೆದುಕೊಟ್ಟ ಭಾಷಣ ಮಡಚಿಟ್ಟು ಮೈಕ್ ಕಡೆ ಬಗ್ಗಿದಳು.

"ಬೂದೆಪ್ಪ, ಇನ್ನೆರಡು ಕುರ್ಚಿ ತರ್ರಿ."

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಭಾಂಗಣದ ಕುರ್ಚಿ ಕೊಡುವುದನ್ನೂ ಏಕಕ್ಕೆ ಜೋಡಿಸಿದವಳು ಅವಳೇ. ಉಗ್ರಾಣದ ಬೂದೆಪ್ಪ ಮೊಬೈಲ್ ಒತ್ತಿ ತಲೆಯೆತ್ತಿದ.

"ಮೇಡಂ, ಗದ್ದೆಪ್ಪ ಅನ್ನೋರಿಗೆ ಆಗ್ಲೇ ಒಂದು ಕುರ್ಚಿ ಕೊಟ್ಟದಂತರೀ."

ಅವಳು ಲ್ಯಾಪ್‌ಟಾಪ್ ಕಡೆ ತಿರುಗಿದಳು. 'ಪಟ್ಟಿ ರದ್ದುಮಾಡಿ' ಎಂಬ ಕೆಂಪು ಗುಂಡಿ ಹಿಂದಿನ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿದೆ. ಅವಳ ಬೆರಳು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಎರಡು ಸಲ ಬರೆದೆ, ಎರಡು ಸಲವೂ ಅವಳು ಕೈ ಹಿಂದೆಗೆದುಕೊಂಡಳು, ಒಮ್ಮೆ ಒತ್ತುವ ಮುಂಚೆ, ಒಮ್ಮೆ ಒತ್ತಿದ ಮೇಲೆ.

ಕುಂಟ ಗದ್ದೆಪ್ಪ ವೇದಿಕೆಯ ಮೂರನೆಯ ಮೆಟ್ಟಿಲ ಮೇಲೆ ಊರುಗೋಲು ಊರಿದ.

"ಅವಸರ ಮಾಡಬ್ಯಾಡ ಸಂಘವ್ವಾ. ನಾ ನಿಂತಿರ್ತೀನಿ."