ಹದ ನೋಡುವ ಕೈ

ಮೀನುಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವನು ಪಾದರಸ. ನೀರಿಗೆ ಅಂಗೈ ಅದ್ದಿ ಇಪ್ಪತ್ತೇಳು ಡಿಗ್ರಿಯೋ ಇಪ್ಪತ್ತೆಂಟೋ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಉಷ್ಣಮಾಪಕ ಇಳಿಬಿಟ್ಟು ನೋಡಿದವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಇಪ್ಪತ್ತಾರು ವರ್ಷ ಆ ಕೈಯ ಮೇಲೆ ಮೆರೆದ ಮನುಷ್ಯ. ಹೊಸಬರು ಮಾಪಕ ಹಿಡಿದು ಬಂದರೆ, ಜ್ವರ ನಿಮಗೋ ಮೀನಿಗೋ ಎಂದು ಕಾಲೆಳೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಸ್ವಂತ ಮಗಳೇ ಅಲ್ಲಿ ಕೆಲಸಕ್ಕೆ ಸೇರಿದಾಗ ಅವಳನ್ನೂ ಬಿಡಲಿಲ್ಲ.

ಆ ಕೈ ಸತ್ತು ಈಗ ಐದು ತಿಂಗಳು. ಸಕ್ಕರೆ ಕಾಯಿಲೆ ಮೊದಲು ಪಾದಗಳನ್ನು ಮರಗಟ್ಟಿಸಿ, ಆಮೇಲೆ ಬೆರಳುಗಳಿಗೆ ಬಂದು, ಮಣಿಕಟ್ಟಿನವರೆಗೆ ಏರಿ ಕೂತಿತ್ತು. ಮನೆಯವರಿಗೆ ತಿಳಿಸಿ ಎಂದು ಡಾಕ್ಟರು ಹೇಳಿದ್ದರು. ತಿಳಿಸಿದರೆ ಮಗಳು ಮರುದಿನವೇ ತೊಟ್ಟಿಗಳಿಂದ ಬಿಡಿಸಿ ಟಿಕೆಟ್ ಕಿಟಕಿಯ ಹಿಂದೆ ಕೂರಿಸುತ್ತಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದ. ತೊಟ್ಟಿಗೆ ಬಿಡುವ ನೀರನ್ನು ಬೆರೆಸುವ ಡ್ರಮ್ಮಿನ ಅಂಚಿಗೆ ಮಗಳು ತೂಗುಹಾಕುತ್ತಿದ್ದ ಮಾಪಕವನ್ನು ಓರೆಗಣ್ಣಲ್ಲಿ ಓದಿಕೊಂಡು, ಆಮೇಲೆ ಕೈ ಅದ್ದಿ, ಅದೇ ಅಂಕಿಯನ್ನು ಗತ್ತಿನಿಂದ ಹೇಳುತ್ತಿದ್ದ. ನಗು ಬರುವ ಕಳ್ಳತನವೇ, ಆದರೆ ನಗುವ ಹಾಗಿರಲಿಲ್ಲ.

ಮೂರನೇ ತೊಟ್ಟಿಯಲ್ಲಿ ದೊಡ್ಡಕ್ಕ ಇದ್ದಳು. ಮೊರದಗಲದ ಚಪ್ಪಟೆ ಮೀನು, ಸಿಹಿನೀರಿನ ತೊರಕೆ. ಬಾಲದಲ್ಲಿ ವಿಷದ ಮುಳ್ಳು, ಆದರೂ ಪಾದರಸನ ಕೈಯಿಂದಲೇ ಹುಳು ತಿನ್ನುವಷ್ಟು ಸಲಿಗೆ. ತೊರಕೆ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ದೊಡ್ಡಕ್ಕನಿಗೆ ಹಿಂದೆ ಎರಡು ಸಲ ಬಸಿರು ಇಳಿದುಹೋಗಿತ್ತು. ಈ ಸಲ ನಿಂತಿತ್ತು, ಇನ್ನೊಂದೇ ವಾರ. ಪಾದರಸ ದಿನ ಎಣಿಸುವುದನ್ನು ನೋಡಿ ಮಗಳು, ನನ್ನ ಬಸಿರಿಗೂ ನೀನು ಇಷ್ಟು ಎಣಿಸಿರಲಿಲ್ಲವಲ್ಲ ಎಂದು ರೇಗಿಸುತ್ತಿದ್ದಳು. ಅವಳ ಮಾತು ನಿಜವಾಗಿತ್ತು.

ಬಸುರಿ ತೊರಕೆಗೆ ನೀರು ಇದ್ದಕ್ಕಿದ್ದಂತೆ ಎರಡು ಡಿಗ್ರಿ ಏರಿದರೂ ಅಪಾಯ. ಆದರೆ ದಿನಾ ಬೆಳಿಗ್ಗೆ ಕಾಲು ಭಾಗ ನೀರು ತೆಗೆದು ಹೊಸದನ್ನು ತುಂಬಲೇಬೇಕು. ಆ ಹೊತ್ತಿಗೆ ತೊಟ್ಟಿಯ ಹೀಟರನ್ನೂ ಅದರೊಂದಿಗಿದ್ದ ಅಲಾರಮ್ಮನ್ನೂ ಆರಿಸಿರುತ್ತಾರೆ, ಇಲ್ಲದಿದ್ದರೆ ನೀರಿನಿಂದ ಹೊರಬಿದ್ದ ಹೀಟರು ಸಿಡಿಯುತ್ತದೆ. ಆಗೆಲ್ಲ ಡ್ರಮ್ಮಿನ ನೀರಿನ ಹದವೇ ಎಲ್ಲ.

ಆವತ್ತು ಬೆಳಿಗ್ಗೆ ಡ್ರಮ್ಮಿನ ಅಂಚಿನಲ್ಲಿ ಮಾಪಕ ತೂಗುವ ಕೊಕ್ಕೆ ಬರಿದಾಗಿತ್ತು. ಹೊಸ ಮೀನುಗಳು ಬಂದಿದ್ದವೆಂದು ಮಗಳು ಮಾಪಕವನ್ನು ಆಚೆ ಕೋಣೆಗೆ ಒಯ್ದಿದ್ದಳು. ಅಪ್ಪನ ಕೈ ಇರುವಾಗ ಇಲ್ಲಿ ಅದರ ಅಗತ್ಯವೇನು? ತಣ್ಣೀರಿನ ನಲ್ಲಿ ಯಾಕೋ ಸಣ್ಣಗೆ ಬರುತ್ತಿತ್ತು. ಬಿಸಿನೀರೂ ತಣ್ಣೀರೂ ಒಂದೇ ಕೊಳವೆಯಲ್ಲಿ ಬೀಳುತ್ತಿದ್ದರಿಂದ ಅದು ಇಬ್ಬರ ಗಮನಕ್ಕೂ ಬರಲಿಲ್ಲ. ಹಬೆಯಂತೂ ಆ ಕೋಣೆಯಲ್ಲಿ ಯಾವಾಗಲೂ ಇದ್ದದ್ದೇ.

"ಬಿಡ್ಲಾ ಅಪ್ಪ? ಹದವಾಗಿದೆಯಾ?" ಎಂದು ಕೇಳಿ ಮಗಳು ಡ್ರಮ್ಮಿನ ನೀರನ್ನು ತೊಟ್ಟಿಗೆ ಬಿಡುವ ತಿರುಪಿನ ಮೇಲೆ ಕೈಯಿಟ್ಟು ನಿಂತಳು.

ಮಾಪಕ ತಗೊಂಡು ಬಾ ಎಂದಿದ್ದರೆ ಮುಗಿಯುತ್ತಿತ್ತು. ಅದನ್ನು ಬಿಟ್ಟು ಅವನು ಮಣಿಕಟ್ಟಿನವರೆಗೆ ಕೈ ಅದ್ದಿದ. ಏನೂ ತಿಳಿಯಲಿಲ್ಲ. ಏನಾದರೂ ತಿಳಿದೀತೆಂದು ಇನ್ನಷ್ಟು ಹೊತ್ತು ಹಾಗೇ ಇಟ್ಟುಕೊಂಡ. ಏನು ಹಾಳು ಹಮ್ಮೋ ಅದು.

"ಇಪ್ಪತ್ತೆಂಟು," ಎಂದ. "ಬಿಡು."

ಮಗಳು ತಿರುಪು ತಿರುವಿ ಹುಳು ತೊಳೆಯಲು ಹೋದಳು. ಪಾದರಸ ಗಾಜಿನ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ದೊಡ್ಡಕ್ಕ ಮರಳಿನಿಂದೆದ್ದು ಗೋಡೆ ಹತ್ತಿದಳು, ಜಾರಿದಳು, ಮತ್ತೆ ಹತ್ತಿದಳು. ಅವಳ ಮೈಯ ಅಂಚು ಸುತ್ತಲೂ ಮೇಲಕ್ಕೆ ಮುರುಟತೊಡಗಿತು. ತೊರಕೆ ಹಾಗೆ ಮುರುಟಿತೆಂದರೆ ಸಾವು ಹತ್ತಿರ ಬಂತೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವನು ಕೂಗಿದ.

ಮಗಳು ಓಡಿಬಂದು ತಿರುಪು ಮುಚ್ಚಿ, ಡ್ರಮ್ಮಿಗೆ ಕೈ ಹಾಕಿ, ಹಾವು ಕಚ್ಚಿದಂತೆ ಹಿಂದಕ್ಕೆಳೆದುಕೊಂಡಳು. ಇದರಲ್ಲಿ ಹೇಗೆ ಕೈಯಿಟ್ಟೆ ಎಂದು ಕೇಳಿದಳು.

"ನಾನು ನೋಡಿದಾಗ ಸರಿಯಾಗೇ ಇತ್ತು. ನೀನು ಬಿಸಿ ನಲ್ಲಿ ನಿಲ್ಸಿರ್ಲಿಲ್ವೇನೋ," ಎಂದುಬಿಟ್ಟ.

ಮಗಳ ಮುಖ ಬಿಳಿಚಿಕೊಂಡಿತು. ಹೌದೇನೋ ಎಂದು ಅವಳಿಗೂ ಅನಿಸಿತು. ತೊಟ್ಟಿಯ ಬಳಿ ಮಂಡಿಯೂರಿ, ಪೈಪಿನ ಬಾಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದು, ತಣ್ಣೀರನ್ನು ಎಳೆಯಾಗಿ ಬಿಡತೊಡಗಿದಳು. ಒಮ್ಮೆಲೇ ತಣಿಸಿದರೆ ಅದೂ ಸಾವೇ. ದೊಡ್ಡಕ್ಕ ತಳಕ್ಕೆ ಬಿದ್ದು ಒಂದೊಂದಾಗಿ ಮರಿ ಹಾಕಿದಳು. ಮೊದಲ ಮೂರೂ ಬೆಳ್ಳಗೆ ಬಿಳಿಚಿ ಅಲ್ಲಾಡದೆ ಬಿದ್ದವು. ಆಮೇಲೆ ಅವಳ ಉಸಿರೂ ನಿಂತಿತು. ನಾಲ್ಕನೆಯದು ಅವಳ ಬಾಲದ ಬಳಿ ಅರ್ಧ ಹೊರಬಿದ್ದಿತ್ತು, ಅಂಗೈಯಗಲದ ಕಂದು ಮರಿ.

"ಅದನ್ನ ಎತ್ತು ಅಪ್ಪ. ಜೀವ ಇದೆಯಾ ನೋಡು. ಇದ್ರೆ ಪಕ್ಕದ ತೊಟ್ಟಿಗೆ ಬಿಡು, ಬೇಗ."

ಅವನು ಬೊಗಸೆಯಲ್ಲಿ ಎತ್ತಿಕೊಂಡ. ಮರಿ ಅಲುಗಿದಂತೆ ಕಂಡಿತು. ಆದರೆ ಬೊಗಸೆಯೂ ನಡುಗುತ್ತಿತ್ತು. ಅಲುಗುತ್ತಿರುವುದು ಮರಿಯೋ ಕೈಯೋ ಎಂದು ಕಣ್ಣು ಕಿರಿದುಮಾಡಿ ನೋಡಿದ. ಅಂಗೈಯ ಮಾತು ಕೇಳಿ ಅಭ್ಯಾಸವಾದವನು, ಈಗಲೂ ಅದು ಏನಾದರೂ ಹೇಳೀತೆಂದು ಕಾಯುತ್ತ ಅಲ್ಲೇ ನಿಂತುಬಿಟ್ಟ.

ಮಗಳು ಮತ್ತೆ ಕೇಳಿದಳು. ಅವನಿಗೆ ಅಳು ಬಂತು.

"ಗೊತ್ತಾಗ್ತಿಲ್ಲ ಮಗಳೇ. ಈ ಕೈಗೆ ಏನೂ ಗೊತ್ತಾಗಲ್ಲ. ಐದು ತಿಂಗಳಾಯ್ತು."

ಮಗಳು ತಲೆಯೆತ್ತಿದಳು. ಅವನ ಬಲಗೈಯ ತುಂಬ ಬೊಬ್ಬೆಗಳೆದ್ದಿದ್ದವು. ಒಂದು ಒಡೆದು ಚರ್ಮ ಜೋತುಬಿದ್ದಿತ್ತು. ಅವಳು ಪೈಪು ಬಿಸಾಕಿ ಎದ್ದು, ಮರಿಯನ್ನು ತನ್ನ ಅಂಗೈಗೆ ತೆಗೆದುಕೊಂಡು, ಅದರ ಹೊಟ್ಟೆಯ ಕೆಳಗೆ ಹೆಬ್ಬೆರಳಿಟ್ಟು ಪಕ್ಕದ ತೊಟ್ಟಿಯತ್ತ ಎರಡು ಹೆಜ್ಜೆ ಓಡಿದಳು. ಮೂರನೆಯದಕ್ಕೆ ನಿಂತಳು.

"ಇತ್ತು ಅಪ್ಪ," ಎಂದಳು. "ಈಗ ಹೋಯ್ತು."