ಆಳುವವರಿಗಾಗಿ ಪ್ರಾರ್ಥನೆ

ಭಾನುವಾರದ ಪೂಜೆಯಲ್ಲಿ ಓದುವ ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಒಲ್ಲೆ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಸಭೆ ಮುಗಿದು ಎಲ್ಲರೂ ಕುರ್ಚಿ ಮಡಚಿಟ್ಟು ಹೋಗಿಯಾಗಿತ್ತು. "ಭಾಷೆಯಲ್ಲೇ ಡಿಗ್ರಿ ಮಾಡಿದ್ದೀಯ, ಇಷ್ಟು ಬರೆಯೋಕಾಗಲ್ವಾ?" ಅಂದಿದ್ದರು ಚಿಕ್ಕಪ್ಪ. ಅವರು ಚರ್ಚಿನ ಪಾಲನಾ ಸಮಿತಿಯ ಉಪಾಧ್ಯಕ್ಷರು.

ಬರೆಯುವುದೇನೋ ಬರುತ್ತದೆ. ಡೈರಿಯಲ್ಲಿ ನಾನು ಯಾರಿಗೂ ಹೆದರುವವಳಲ್ಲ. ಜನರೆದುರು ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ.

ಮುಂದಿನ ವಾರ ಚುನಾವಣೆ. ನಾನು ಎರಡು ಬಿನ್ನಹ ಬರೆದೆ. ಒಂದು, ಇನ್ನೂ ಹುಟ್ಟದ ಮಕ್ಕಳಿಗಾಗಿ. ಇನ್ನೊಂದು, ಗಡಿಯಾಚೆಯಿಂದ ಬಂದು ರೈಲು ನಿಲ್ದಾಣದ ಹಿಂದಿನ ಗೋದಾಮಿನಲ್ಲಿ ಬಿಡಾರ ಹೂಡಿರುವ ಕುಟುಂಬಗಳಿಗಾಗಿ. ಸೋಮವಾರ ಅವರನ್ನು ಅಲ್ಲಿಂದ ಎಬ್ಬಿಸುತ್ತಾರಂತೆ. ಅವರಲ್ಲೊಬ್ಬಳು ತುಂಬು ಬಸುರಿ, ನನ್ನದೇ ವಯಸ್ಸು. ಚರ್ಚಿನ ಹಿಂದೆ ನಮ್ಮ ಸಭಾಂಗಣ ಖಾಲಿ ಬಿದ್ದಿದೆ. ಅದನ್ನು ಅವರಿಗೆ ತೆರೆದುಕೊಡಿ ಎಂದು ಸಮಿತಿಯ ಸಭೆಯಲ್ಲಿ ಹೇಳಲೆಂದೇ ಹೋಗಿ, ಬಿಸ್ಕತ್ತು ತಿಂದು ವಾಪಸು ಬಂದಿದ್ದೆ. ಪ್ರಾರ್ಥನೆಯಲ್ಲಾದರೂ ಹೇಳೋಣ ಎಂದುಕೊಂಡೆ.

ಶನಿವಾರ ಸಂಜೆ ಚರ್ಚಿನ ಕಚೇರಿಯಲ್ಲಿ ಮೇಜಿನ ಆ ಕಡೆ ಚಿಕ್ಕಪ್ಪ, ಈ ಕಡೆ ದೊಡ್ಡಮ್ಮ. ಇಬ್ಬರೂ ತಪ್ಪದೆ ಜಪಸರ ಹಿಡಿಯುವವರು. ಓಟು ಮಾತ್ರ ಎಣ್ಣೆ ಸೀಗೆಕಾಯಿ.

ಚಿಕ್ಕಪ್ಪ ಮೊದಲನೆಯದನ್ನು ಓದಿ ಭೇಷ್ ಅಂದರು. ಎರಡನೆಯದಕ್ಕೆ ಕನ್ನಡಕ ಹಣೆಗೇರಿತು. "ಇದು ರಾಜಕೀಯ."

ದೊಡ್ಡಮ್ಮ ಎರಡನೆಯದನ್ನು ಓದಿ ನನ್ನ ಗಲ್ಲ ಹಿಂಡಿದರು. ಮೊದಲನೆಯದಕ್ಕೆ ಮೂತಿ ತಿರುವಿದರು. "ಇದು ರಾಜಕೀಯ."

"ನೀವು ಸುಮ್ನಿರಿ ಅತ್ತಿಗೆ."

"ಯಾಕೆ ಸುಮ್ನಿರ್ಲಿ? ನಿಮ್ಮ ಪಕ್ಷಕ್ಕೆ ಮಗು ಹೊಟ್ಟೇಲಿರೋವರೆಗೆ ಮಾತ್ರ ಮಗು. ಹೊರಗೆ ಬಂತೋ, ನುಸುಳುಕೋರ!"

"ನಿಮ್ಮ ಪಕ್ಷಕ್ಕೆ ಗಡಿ ದಾಟಿ ಬಂದ್ರೆ ಮಾತ್ರ ಮನುಷ್ಯ. ಹೊಟ್ಟೇಲಿರೋದು ಲೆಕ್ಕಕ್ಕೇ ಇಲ್ಲ!"

ನನಗೆ ಇಬ್ಬರ ಬೈಗುಳವೂ ನಿಜವೇ ಅನ್ನಿಸಿತು. "ಎರಡೂ ಒಂದೇ ಅಲ್ವಾ... ಆ ಗೋದಾಮಿನ ಹುಡುಗಿ ಹೊಟ್ಟೇಲಿರೋದು..." ಎಂದು ಶುರು ಮಾಡಿದೆ.

"ತಡಿ ಮಗಳೇ," ಅಂದರು ಇಬ್ಬರೂ ಒಟ್ಟಿಗೆ. ಆ ಸಂಜೆ ಅವರಿಗೆ ಒಮ್ಮತವಿದ್ದದ್ದು ಅದೊಂದರಲ್ಲೇ.

ನಾನು ಕರಡು ತಿದ್ದುವ ಆಫೀಸಿನಲ್ಲೂ ಇದೇ ಗೋಳು. ಹೊಟ್ಟೆಯ ಮಗುವೂ ಜೀವವೇ ಎಂದು ಒಮ್ಮೆ ಊಟದ ಹೊತ್ತಿಗೆ ಅಂದದ್ದಕ್ಕೆ ಗೆಳತಿಯರು ನನಗೆ 'ಅಜ್ಜಿ' ಎಂದು ಹೆಸರಿಟ್ಟಿದ್ದಾರೆ. ಚರ್ಚಿನಲ್ಲಿ ಗೋದಾಮಿನ ಮಾತೆತ್ತಿದರೆ ಕೆಂಬಾವುಟದವಳೆಂದು 'ಕೆಂಪಮ್ಮ'. ಸುವಾರ್ತೆಯನ್ನು ಪೂರ್ತಿ ನಂಬುತ್ತೇನೆ ಅಂದರೆ ಯಾವ ಸಾಲಿನಲ್ಲೂ ಕುರ್ಚಿ ಇಲ್ಲ. ಅರ್ಧ ನಂಬಿದವರಿಗೆ ಎರಡೂ ಕಡೆ ಹಾರ.

ಫಾದರ್ ಬಂದರು. ಒಳ್ಳೆಯವರು, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. "ಎರಡನ್ನೂ ಬಿಡೋಣ. ನಮ್ಮನ್ನು ಆಳುವವರಿಗಾಗಿ ಒಂದು ಪ್ರಾರ್ಥನೆ ಸಾಕು."

"ನಮ್ಮನ್ನು ಯಾರೂ ಆಳೋದಿಲ್ಲ, ನಾವೇ ಆರಿಸಿ ಕಳಿಸೋದು," ಅಂದರು ದೊಡ್ಡಮ್ಮ. ಹಾಗಾಗಿ ಅದು 'ನಮ್ಮ ನಡುವೆ ಆಳುವವರು' ಆಯಿತು. ಮರುದಿನ ಪೂಜೆಗೆ ತಮ್ಮ ಪಕ್ಷದ ಅಭ್ಯರ್ಥಿಯನ್ನು ಕರೆತರಲಿದ್ದ ಚಿಕ್ಕಪ್ಪ, 'ಅವರ ಭಾರಕ್ಕೆ ನಾವು ಹೆಗಲು ಕೊಡುವಂತೆ, ಅವರಿಗೆ ನಮ್ಮ ಬಾಗಿಲು ಸದಾ ತೆರೆದಿರುವಂತೆ' ಎಂದು ಬಾಲ ಸೇರಿಸಿದರು. ಕಂಪ್ಯೂಟರಿನ ಮುಂದೆ ಅವರೇ ಕೂತರು. "ನಿನ್ನ ಕೈಗೆ ಕೊಟ್ರೆ ಮತ್ತೇನಾದ್ರೂ ತೂರಿಸ್ತೀಯ."

ಭಾನುವಾರ ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಚಿಕ್ಕಪ್ಪ, ಪಕ್ಕದಲ್ಲಿ ಇಸ್ತ್ರಿ ಮುರಿಯದ ಅಭ್ಯರ್ಥಿ. ಹಾಳೆ ನೋಡಿದೆ.

'ನಮ್ಮ ನಡುವೆ ಅಳುವವರಿಗಾಗಿ.'

ಚಿಕ್ಕಪ್ಪನ ಅವಸರದ ಬೆರಳು ಒಂದು ದೀರ್ಘ ನುಂಗಿತ್ತು. ಆಳುವವರು ಅಳುವವರಾಗಿದ್ದರು. ಇಂಥದ್ದನ್ನು ಹಿಡಿದು ತಿದ್ದಲೆಂದೇ ನನಗೆ ಸಂಬಳ. ತಿದ್ದಿ ಓದಬಹುದಿತ್ತು. ಓದಲಿಲ್ಲ. ಹಾಳೆಯಲ್ಲಿ ಇದ್ದಂತೆಯೇ, ನನ್ನ ಜನ್ಮದಲ್ಲೇ ಇಲ್ಲದ ಗಟ್ಟಿ ದನಿಯಲ್ಲಿ ಓದಿದೆ.

"ನಮ್ಮ ನಡುವೆ ಅಳುವವರಿಗಾಗಿ, ಅವರ ಭಾರಕ್ಕೆ ನಾವು ಹೆಗಲು ಕೊಡುವಂತೆ, ಅವರಿಗೆ ನಮ್ಮ ಬಾಗಿಲು ಸದಾ ತೆರೆದಿರುವಂತೆ, ಪ್ರಭುವಿನಲ್ಲಿ ಪ್ರಾರ್ಥಿಸೋಣ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ," ಅಂದಿತು ಇಡೀ ಚರ್ಚು. ಎಲ್ಲರಿಗಿಂತ ಜೋರಾಗಿ ಅಂದದ್ದು ಅಭ್ಯರ್ಥಿ. ಎಲ್ಲೋ ಹಿಂದೆ ದೊಡ್ಡಮ್ಮನಿಗೆ ಕೆಮ್ಮು ಹತ್ತಿತು.

ಪೂಜೆ ಮುಗಿದು ಮೆಟ್ಟಿಲಿಳಿಯುವಷ್ಟರಲ್ಲಿ ಚಿಕ್ಕಪ್ಪ ಅಡ್ಡ ನಿಂತರು. "ಮಾನ ಕಳೆದೆ! ಒಂದು ದೀರ್ಘ ಓದೋಕೆ ಬರಲ್ವಾ?"

"ನೀವು ಬರೆದದ್ದನ್ನೇ ಓದಿದೆ ಚಿಕ್ಕಪ್ಪ." ನಾಲಿಗೆ ಅಂಗುಳಿನಿಂದ ಬಿಟ್ಟಿತ್ತು. ಮತ್ತೆ ಅಂಟುವುದರೊಳಗೆ ಹೇಳಿಬಿಡಬೇಕು. "ಸಭಾಂಗಣದ ಬೀಗದ ಕೈ ಕೊಡಿ. ನಾಳೆ ಅವರನ್ನ ಎಬ್ಬಿಸ್ತಾರೆ."

"ಅದಕ್ಕೆ ಸಮಿತಿ ಕೂಡಬೇಕು."

"ಇಡೀ ಚರ್ಚು ಆಲಿಸಿರಿ ಅಂತು, ನೀವೂ ಅಂದ್ರಿ. ಅಕಸ್ಮಾತ್ ಆಲಿಸಿಬಿಟ್ಟಿದ್ರೆ ಏನ್ಮಾಡ್ತೀರಿ?"

ಚಿಕ್ಕಪ್ಪ ಫಾದರ್ ಮುಖ ನೋಡಿದರು. ಫಾದರ್ ತಮ್ಮ ಬೂಟು ನೋಡಿದರು. ಕೊನೆಗೆ, ಹಲ್ಲು ಕೀಳಿಸಿಕೊಳ್ಳುವವರ ದನಿಯಲ್ಲಿ, "ಕೊಟ್ಬಿಡಿ. ಸಮಿತಿಗೆ ನಾನು ಉತ್ತರ ಹೇಳ್ತೀನಿ," ಅಂದರು.

"ಶಭಾಷ್!" ದೊಡ್ಡಮ್ಮ ಮೊಬೈಲು ತೆಗೆದರು. "ನಿಲ್ಲು, ಒಂದು ಫೋಟೋ. ಪಕ್ಷದ ಗುಂಪಿಗೆ ಹಾಕ್ತೀನಿ."

"ಫೋಟೋ ಬೇಡ ದೊಡ್ಡಮ್ಮ. ಬಕೆಟ್ ಬೇಕು, ಚಾಪೆ ಬೇಕು."

ಮಧ್ಯಾಹ್ನ ಗೋದಾಮಿನ ಆ ಬಸುರಿಯನ್ನೂ ಉಳಿದವರನ್ನೂ ಕರೆತಂದೆ. ಬೀಗ ತೆಗೆದೆ, ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗೊಣಗುತ್ತಲೇ ಬಂದ ಚಿಕ್ಕಪ್ಪ ಹೆಗಲು ಕೊಟ್ಟು ಎತ್ತಿ ತಳ್ಳಿದರು. ಒಳಗೆ ಧೂಳು, ಒಡೆದ ಬೆಂಚು. ಅವಳ ಹೊಟ್ಟೆ ನೋಡಿ, "ನಿಂತ್ಕೋಬೇಡ ತಾಯಿ, ಕೂತ್ಕೋ," ಎಂದು ಕರವಸ್ತ್ರದಲ್ಲಿ ಕುರ್ಚಿ ಒರೆಸಿದರು. ಮರುಕ್ಷಣ ನನ್ನ ಕಡೆ ತಿರುಗಿ, "ಆದ್ರೂ ಇದು ಕಾನೂನಿಗೆ ವಿರುದ್ಧ," ಅಂದರು.

"ನಿಮ್ಮ ಕಾನೂನಿಗೆ ಬೆಂಕಿ ಹಾಕ," ಎನ್ನುತ್ತ ಬಕೆಟ್ ಹಿಡಿದು ದೊಡ್ಡಮ್ಮ ಬಂದರು. ಚಾಪೆ ಕಿಟಕಿಯ ಕೆಳಗೋ ಗೋಡೆಯ ಬದಿಗೋ ಎಂದು ಶುರುವಾದದ್ದು ತೆರಿಗೆ, ಗಡಿ, ಗರ್ಭ ಎಲ್ಲವನ್ನೂ ಸುತ್ತಿಕೊಂಡು ಬಂತು. ನಾನು ಇಬ್ಬರ ಕೈಯಿಂದಲೂ ಚಾಪೆ ಕಿತ್ತು ಹಾಸಿದೆ.

ಆ ಬಸುರಿ ಹುಡುಗಿ ನನ್ನ ಕಿವಿಯ ಹತ್ತಿರ ಬಾಗಿ, ತಡವರಿಸುತ್ತ ಕೇಳಿದಳು: "ಗಂಡ ಹೆಂಡತಿಯಾ?"

"ಅಲ್ಲ," ಅಂದೆ. "ಒಂದೇ ಚರ್ಚಿನವರು."